ಮಾತಿಗೊಂದು ಇಳಿಜಾರು: ಮಿದುಳಿನ ಗಾಯ, ಸ್ವಯಂಸೇವಾ ನೆರವು ಮತ್ತು ಗಡಿಯ ಕನ್ನಡ

ಗಡಿನಾಡಿನ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಶಾಲೆ, ಸರ್ಕಾರಿ ಕಚೇರಿ ಮತ್ತು ನ್ಯಾಯಾಲಯಗಳ ಸುತ್ತ ಬೆಳೆದುಬಂದಿದೆ. ಶಿಕ್ಷಣದ ಮಾಧ್ಯಮ, ಅರ್ಜಿಯ ಭಾಷೆ, ನಾಮಫಲಕ, ಶಿಕ್ಷಕರ ನೇಮಕಾತಿ ಇವು ಅದರ ಪರಿಚಿತ ವಿಷಯಗಳು. ಆಸ್ಪತ್ರೆ ಈ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ; ಆಸ್ಪತ್ರೆಯಿಂದ ಮನೆಗೆ ಮರಳಿದ ನಂತರದ ದೀರ್ಘಕಾಲಕ್ಕಂತೂ ಅದರಲ್ಲಿ ಸ್ಥಾನವೇ ದೊರೆತಿಲ್ಲ. ಆದರೆ ವ್ಯಕ್ತಿಯೊಬ್ಬ ತನ್ನ ಭಾಷೆಗಾಗಿ ಇನ್ನೊಬ್ಬರನ್ನು ಅತಿ ಹೆಚ್ಚು ಅವಲಂಬಿಸುವ ಕಾಲ ಅದೇ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯುವಿನಿಂದ ಮಿದುಳಿನ ಒಂದು ಭಾಗಕ್ಕೆ ಹಾನಿಯಾದವರು, ಮಿದುಳಿನ ಸೋಂಕಿನಿಂದ ಪಾರಾದವರು ಪ್ರಾಣ ಉಳಿದ ಮೇಲೆ ಅನೇಕ ವರ್ಷ ಬದುಕುತ್ತಾರೆ. ಅವರ ಮಾತು, ನೆನಪು, ಗಮನ, ಸಂಯಮ ಇವುಗಳಲ್ಲಿ ಒಂದೋ ಹಲವೋ ಮೊದಲಿನಂತೆ ಇರುವುದಿಲ್ಲ.

ಈ ಬದುಕಿಗೆ ಬೇಕಾದ ನೆರವನ್ನು ಹಲವು ದೇಶಗಳಲ್ಲಿ ಸರ್ಕಾರಗಳಿಗಿಂತ ಮೊದಲು ಲಾಭರಹಿತ ಸ್ವಯಂಸೇವಾ ಸಂಸ್ಥೆಗಳು ರೂಪಿಸಿದವು. ಆ ಸಂಸ್ಥೆಗಳು ಹೇಗೆ ಹುಟ್ಟಿದವು, ಏನು ಮಾಡುತ್ತವೆ, ಎರಡು ಮೂರು ಭಾಷೆಗಳ ನಡುವೆ ಬದುಕುವ ವಯಸ್ಕರ ವಿಷಯದಲ್ಲಿ ಅವುಗಳಿಂದ ಏನು ಕಲಿಯಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿನ ಮುಖ್ಯ ವಾದ ಇಷ್ಟು: ಮಿದುಳಿನ ಗಾಯದೊಡನೆ ಬದುಕುವವರಿಗೆ ಚಿಕಿತ್ಸೆಯ ನಂತರ ಬೇಕಾದ ಸೌಕರ್ಯಗಳಲ್ಲಿ ತರಬೇತಿ ಪಡೆದ ಮಾತಿನ ಜೊತೆಗಾರ ಬಹುಮುಖ್ಯ, ಆ ಸೌಕರ್ಯವನ್ನು ಬೇರೊಂದು ಭಾಷೆಯಿಂದ ಅನುವಾದಿಸಿ ತಂದರೆ ಸಾಲದು, ಆಯಾ ಭಾಷೆಯ ಒಳಗೇ ಕಟ್ಟಬೇಕಾಗುತ್ತದೆ.

ಬದುಕುಳಿದವರು ಮತ್ತು ಅವರ ಮನೆಯವರು

ಮಿದುಳಿನ ಗಾಯಕ್ಕೆ ಸಂಬಂಧಿಸಿದ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಹಲವು ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿರುವುದು ಆಕಸ್ಮಿಕವೆನಿಸುವುದಿಲ್ಲ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ಮೂಲಕ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ಮೊದಲ ಬಾರಿಗೆ ತೆಗೆಯಲಾಯಿತು. 1974ರಲ್ಲಿ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಅವರು ಪ್ರಜ್ಞೆಯ ಮಟ್ಟವನ್ನು ಅಂಕಗಳಲ್ಲಿ ಗುರುತಿಸುವ ‘ಗ್ಲಾಸ್ಗೋ ಕೋಮಾ ಮಾಪಕ’ವನ್ನು ಪ್ರಕಟಿಸಿದರು. ತೀವ್ರ ನಿಗಾ ಘಟಕಗಳೂ ನರಶಸ್ತ್ರಚಿಕಿತ್ಸೆಯೂ ಸುಧಾರಿಸಿದವು. ಹಿಂದೆ ಸಾಯುತ್ತಿದ್ದ ಅನೇಕರು ಬದುಕುಳಿದರು. ಆದರೆ ಬದುಕುಳಿದವರು ಮನೆಗೆ ಬಂದಾಗ ಅವರನ್ನು ಬರಮಾಡಿಕೊಳ್ಳುವ ಯಾವ ವ್ಯವಸ್ಥೆಯೂ ಇರಲಿಲ್ಲ.

ಈ ಅಂತರವನ್ನು ಮೊದಲು ಅನುಭವಿಸಿದವರು ಕುಟುಂಬದವರು. ಬ್ರಿಟನ್ನಿನಲ್ಲಿ 1979ರಲ್ಲಿ ‘ಹೆಡ್‌ವೇ’ ಸಂಸ್ಥೆ ಆರಂಭವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ ಅಪಘಾತಕ್ಕೀಡಾದ ಮಗಳ ತಾಯಿ ಮೆರಿಲಿನ್ ಪ್ರೈಸ್ ಸ್ಪಿವ್ಯಾಕ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ತಲೆಗಾಯ ಪ್ರತಿಷ್ಠಾನ ರೂಪುಗೊಂಡಿತು. ಇಂದಿನ ‘ಬ್ರೈನ್ ಇಂಜುರಿ ಅಸೋಸಿಯೇಷನ್ ಆಫ್ ಅಮೆರಿಕ’ ಅದರ ಮುಂದುವರಿಕೆ. ಕೆನಡಾದ ಟೊರಾಂಟೊದಲ್ಲಿ 1979ರಲ್ಲಿ ಪ್ಯಾಟ್ ಅರಾಟೊ ಅವರು ಮಾತು ಕಳೆದುಕೊಂಡ ತಮ್ಮ ಪತಿಗೆ ಚಿಕಿತ್ಸೆ ಮುಗಿದ ಮೇಲೆ ಹೋಗಲು ಸ್ಥಳವಿಲ್ಲದ್ದನ್ನು ಕಂಡು ಒಂದು ಕೇಂದ್ರವನ್ನು ತೆರೆದರು. ಅದೇ ಮುಂದೆ ‘ಅಫೇಸಿಯಾ ಇನ್‌ಸ್ಟಿಟ್ಯೂಟ್’ ಆಯಿತು. ಭಾರತದಲ್ಲಿಯೂ ಇಂಥ ಸಂಸ್ಥೆಯ ಮೂಲ ಕುಟುಂಬದ ಅನುಭವವೇ. ಜೋಧಪುರದ ಗಜ್ ಸಿಂಗ್ ಅವರ ಮಗ 2005ರಲ್ಲಿ ಪೋಲೊ ಆಟದಲ್ಲಿ ತಲೆಗೆ ತೀವ್ರ ಪೆಟ್ಟು ತಿಂದರು. 2007ರಲ್ಲಿ ದೆಹಲಿಯಲ್ಲಿ ‘ಇಂಡಿಯನ್ ಹೆಡ್ ಇಂಜುರಿ ಫೌಂಡೇಷನ್’ ಸ್ಥಾಪನೆಯಾಯಿತು.

ಕುಟುಂಬದವರೇ ಏಕೆ ಮುಂದಾಗಬೇಕಾಯಿತು ಎಂಬುದಕ್ಕೆ ಗಾಯದ ಸ್ವರೂಪದಲ್ಲಿಯೇ ಉತ್ತರವಿದೆ. ಮುರಿದ ಕಾಲು ಕಣ್ಣಿಗೆ ಕಾಣುತ್ತದೆ. ಮಿದುಳಿನ ಮುಂಭಾಗಕ್ಕೆ ಆದ ಹಾನಿ ಹೊರಗಿನವರಿಗೆ ಸೋಮಾರಿತನವಾಗಿ, ಸಿಡುಕಾಗಿ, ಅಸಭ್ಯತೆಯಾಗಿ ಕಾಣಿಸಬಹುದು. ದಿನದ ಅರ್ಧದಲ್ಲಿಯೇ ಕವಿಯುವ ದಣಿವು, ಒಂದು ಕೆಲಸವನ್ನು ಆರಂಭಿಸಲಾಗದ ಜಡತೆ, ಆಡಬಾರದ್ದನ್ನು ಆಡಿಬಿಡುವ ಸ್ವಭಾವ, ತನಗೇನೂ ಆಗಿಲ್ಲವೆಂಬ ದೃಢ ನಂಬಿಕೆ ಇವೆಲ್ಲ ಗಾಯದ ಪರಿಣಾಮಗಳೆಂದು ತಿಳಿಯುವುದು ದಿನವಿಡೀ ಜೊತೆಗಿರುವವರಿಗೆ ಮಾತ್ರ. ಅದೂ ಯಾರಾದರೂ ವಿವರಿಸಿದ ನಂತರ.

ಸಂಸ್ಥೆಗಳು ಮಾಡುವ ಕೆಲಸ

ಹೆಡ್‌ವೇ ಸಂಸ್ಥೆಯ ಕಾರ್ಯವಿಧಾನವನ್ನು ಮಾದರಿಯಾಗಿ ನೋಡಬಹುದು. ಅದರ ಕೇಂದ್ರ ಕಚೇರಿ ನಾಟಿಂಗ್‌ಹ್ಯಾಮ್‌ನಲ್ಲಿದೆ. ಊರೂರುಗಳ ಸ್ಥಳೀಯ ಗುಂಪುಗಳು ಅದರೊಂದಿಗೆ ಸೇರಿಕೊಂಡಿವೆ. ಕೇಂದ್ರವು ಉಚಿತ ದೂರವಾಣಿ ಸಹಾಯವನ್ನು ನಡೆಸುತ್ತದೆ, ಸರಳ ಭಾಷೆಯ ತಿಳಿವಳಿಕೆ ಪುಸ್ತಿಕೆಗಳನ್ನು ಪ್ರಕಟಿಸುತ್ತದೆ, ಗಾಯದ ಮೊದಲ ದಿನಗಳಲ್ಲಿ ಆಸ್ಪತ್ರೆಗೆ ಓಡಾಡುವ ಬಡ ಕುಟುಂಬಗಳಿಗೆ ತುರ್ತು ಹಣದ ನೆರವು ನೀಡುತ್ತದೆ. ಸ್ಥಳೀಯ ಗುಂಪುಗಳು ಹಗಲು ಕೇಂದ್ರ, ಅಡುಗೆ ಮತ್ತು ಕರಕುಶಲ ಅಭ್ಯಾಸ, ಆರೈಕೆ ಮಾಡುವವರ ಸಭೆ ಇತ್ಯಾದಿಗಳನ್ನು ನಡೆಸುತ್ತವೆ. 2017ರಲ್ಲಿ ಸಂಸ್ಥೆ ಭಾವಚಿತ್ರವಿರುವ ಒಂದು ಗುರುತಿನ ಚೀಟಿಯನ್ನು ಜಾರಿಗೆ ತಂದಿತು. ಗಾಯದಿಂದ ತನಗೆ ಉಂಟಾಗಿರುವ ತೊಡಕುಗಳು ಯಾವುವೆಂಬುದನ್ನು ವ್ಯಕ್ತಿ ಅದರ ಮೂಲಕ ಪೊಲೀಸರಿಗೋ ಅಂಗಡಿಯವರಿಗೋ ತಿಳಿಸಬಹುದು. ತೊದಲುವ ಮಾತನ್ನೂ ತೂಗುವ ನಡಿಗೆಯನ್ನೂ ಕುಡಿತವೆಂದು ಭಾವಿಸಿ ಬಂಧಿಸುವಂಥ ಸಂದರ್ಭಗಳನ್ನು ತಪ್ಪಿಸುವುದು ಅದರ ಉದ್ದೇಶಗಳಲ್ಲೊಂದು.

ಈ ಸಂಸ್ಥೆಗಳ ಪದಬಳಕೆ ಗಮನಾರ್ಹ. ಲಂಡನ್ನಿನ ಪೂರ್ವಭಾಗದ ಹೆಡ್‌ವೇ ಶಾಖೆಗೆ ಬರುವವರನ್ನು ‘ರೋಗಿ’ ಎನ್ನದೆ ‘ಸದಸ್ಯ’ ಎಂದು ಕರೆಯುತ್ತಾರೆ. ಅಲ್ಲಿನ ‘ಸಬ್‌ಮಿಟ್ ಟು ಲವ್’ ಕಲಾ ಸ್ಟುಡಿಯೋದಲ್ಲಿ ಸದಸ್ಯರು ಚಿತ್ರ ಬರೆಯುತ್ತಾರೆ, ಪ್ರದರ್ಶನ ನಡೆಸುತ್ತಾರೆ. ‘ಹೂ ಆರ್ ಯು ನೌ’ ಎಂಬ ಯೋಜನೆಯಲ್ಲಿ ತಮ್ಮ ಜೀವನಕಥನವನ್ನು ನಿರೂಪಿಸುತ್ತಾರೆ. ‘ಈಗ ನೀವು ಯಾರು’ ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ತಲೆಗೆ ಗುಂಡು ತಗುಲಿದ ಸೋವಿಯತ್ ಯೋಧ ಜಸೆಟ್ಸ್ಕಿ ಇಪ್ಪತ್ತೈದು ವರ್ಷಗಳ ಕಾಲ ಸುಮಾರು 3,000 ಪುಟಗಳ ದಿನಚರಿಯನ್ನು ಬರೆದ. ಬರೆದದ್ದನ್ನು ತಾನೇ ಓದಲು ಅವನು ಅಪಾರ ಕಷ್ಟಪಡಬೇಕಾಗಿತ್ತು. ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯ ಆ ಬರಹವನ್ನು ಆಧರಿಸಿ ರಚಿಸಿದ ಪುಸ್ತಕದಲ್ಲಿ ವೈದ್ಯನ ವಿವರಣೆಗೂ ಯೋಧನ ಸ್ವಂತ ಮಾತಿಗೂ ಸಮಾನ ಸ್ಥಾನವಿದೆ. ಗಾಯಗೊಂಡವನ ಕಥೆಯನ್ನು ಅವನಿಂದಲೇ ಕೇಳಬೇಕೆಂಬ ತತ್ತ್ವವನ್ನು ಇಂದಿನ ಸ್ವಯಂಸೇವಾ ಸಂಸ್ಥೆಗಳು ನಿತ್ಯದ ಕೆಲಸವಾಗಿ ನಡೆಸುತ್ತಿವೆ ಎನ್ನಬಹುದು.

ಇಳಿಜಾರಿನ ಕಲ್ಪನೆ

ಮಿದುಳಿನ ಗಾಯದ ಪರಿಣಾಮಗಳಲ್ಲಿ ಭಾಷೆಗೆ ನೇರವಾಗಿ ತಾಗುವುದು ಅಫೇಸಿಯಾ, ಅಂದರೆ ಭಾಷಾನಷ್ಟ. ಇದು ನಾಲಿಗೆಯ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಹೇಳಬೇಕಾದ ವಿಚಾರ ಮನಸ್ಸಿನಲ್ಲಿದ್ದರೂ ಪದ ಒದಗುವುದಿಲ್ಲ, ಅಥವಾ ಬೇರೆ ಪದ ಹೊರಬರುತ್ತದೆ. ಕೇಳಿದ ವಾಕ್ಯ ಅರ್ಥವಾಗಿ ಕೂಡಿಕೊಳ್ಳುವುದಿಲ್ಲ. ಓದು ಬರಹಗಳೂ ಕೆಡುತ್ತವೆ. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್ 1990ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಮಾತನ್ನೂ ಬಲಗೈಯ ಶಕ್ತಿಯನ್ನೂ ಬಹುಮಟ್ಟಿಗೆ ಕಳೆದುಕೊಂಡರು. ಆ ನಂತರವೂ ಅವರ ಹೊಸ ಕವಿತೆಗಳು ಪ್ರಕಟವಾದವು, ಎಡಗೈಯಿಂದ ಪಿಯಾನೊ ನುಡಿಸುವುದು ಮುಂದುವರಿಯಿತು, 2011ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವರು ಆಡುತ್ತಿದ್ದ ಕೆಲವೇ ಪದಗಳನ್ನು ಪತ್ನಿ ಮೋನಿಕಾ ಗ್ರಹಿಸಿ ಇತರರಿಗೆ ತಲುಪಿಸುತ್ತಿದ್ದರು. ಒಳಗಿನ ಸಾಮರ್ಥ್ಯಕ್ಕೂ ಹೊರಗಿನ ಮಾತಿಗೂ ನಡುವೆ ಎಷ್ಟು ಅಂತರವಿರಬಹುದು, ಅದನ್ನು ಒಬ್ಬ ಜೊತೆಗಾರ್ತಿ ಎಷ್ಟರಮಟ್ಟಿಗೆ ತುಂಬಬಹುದು ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಟೊರಾಂಟೊದ ಸಂಸ್ಥೆಯಲ್ಲಿ ವಾಕ್‌ಚಿಕಿತ್ಸಕಿ ಆರಾ ಕೇಗನ್ ರೂಪಿಸಿದ ‘ಆಧಾರಸಹಿತ ಸಂಭಾಷಣೆ’ಯ ಪದ್ಧತಿ ಇಂಥ ಜೊತೆಗಾರಿಕೆಯನ್ನು ಕಲಿಸಬಹುದಾದ ವಿದ್ಯೆಯಾಗಿಸಿತು. ಗಾಲಿಕುರ್ಚಿಯಲ್ಲಿ ಬರುವವರಿಗೆ ಕಟ್ಟಡದ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟುತ್ತೇವೆ. ಅವರು ಮೊದಲು ನಡೆಯಲು ಕಲಿತು ಬರಲಿ ಎನ್ನುವುದಿಲ್ಲ. ಹಾಗೆಯೇ ಮಾತು ಕಳೆದುಕೊಂಡವರು ಸಂಭಾಷಣೆಯೊಳಗೆ ಬರಲು ಎದುರಿನವರು ಇಳಿಜಾರು ಕಟ್ಟಿಕೊಡಬೇಕು ಎಂಬುದು ಇದರ ಮೂಲ ಕಲ್ಪನೆ.

ಪದ್ಧತಿಗೆ ಎರಡು ಭಾಗಗಳಿವೆ. ಒಂದು, ಎದುರಿನ ವ್ಯಕ್ತಿಯ ಸಾಮರ್ಥ್ಯವನ್ನು ಒಪ್ಪಿಕೊಳ್ಳುವುದು: ಸಹಜ ಧ್ವನಿಯಲ್ಲಿ, ವಯಸ್ಕರೊಡನೆ ಆಡುವಂತೆ ಮಾತನಾಡುವುದು, ಪದ ಸಿಗದೆ ತಡವರಿಸಿದಾಗ ‘ನಿಮಗೆ ಗೊತ್ತಿದೆ ಎಂಬುದು ನನಗೆ ಗೊತ್ತು’ ಎಂಬ ಭಾವವನ್ನು ತಿಳಿಸುವುದು. ಇನ್ನೊಂದು, ಆ ಸಾಮರ್ಥ್ಯ ಹೊರಗೆ ಕಾಣುವಂತೆ ಮಾಡುವುದು. ಇದರಲ್ಲಿ ಮೂರು ಹಂತಗಳು. ವಿಷಯ ಒಳಗೆ ತಲುಪಲು ಚಿಕ್ಕ ವಾಕ್ಯ, ಸನ್ನೆ, ದಪ್ಪ ಅಕ್ಷರದಲ್ಲಿ ಬರೆದ ಒಂದೊಂದು ಮುಖ್ಯಪದ, ಸರಳ ರೇಖಾಚಿತ್ರ. ಉತ್ತರ ಹೊರಗೆ ಬರಲು ಹೌದು–ಅಲ್ಲ ಪ್ರಶ್ನೆಗಳು, ಬೆರಳಿಟ್ಟು ತೋರಿಸಬಹುದಾದ ಆಯ್ಕೆಗಳು, ಸಾಕಷ್ಟು ಕಾಲಾವಕಾಶ. ಕೊನೆಗೆ ಪರಿಶೀಲನೆ: ಅರ್ಥವಾದದ್ದನ್ನು ಮರಳಿ ಹೇಳಿ, ಸರಿಯೇ ಎಂದು ಕೇಳುವುದು.

2001ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದರಲ್ಲಿ ಕೇಗನ್ ಮತ್ತು ಸಹೋದ್ಯೋಗಿಗಳು 40 ಮಂದಿ ಸ್ವಯಂಸೇವಕರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಮಾತ್ರ ಈ ತರಬೇತಿ ನೀಡಿದರು. ತರಬೇತಿ ಪಡೆದ ಸ್ವಯಂಸೇವಕರ ಕೌಶಲ ಹೆಚ್ಚಿತು. ಅದಕ್ಕಿಂತ ಮುಖ್ಯವಾಗಿ, ಯಾವ ತರಬೇತಿಯನ್ನೂ ಪಡೆಯದ, ಅವರೊಡನೆ ಮಾತಿಗೆ ಕುಳಿತ ಅಫೇಸಿಯಾ ಇರುವವರ ಸಂವಹನವೂ ಉತ್ತಮಗೊಂಡಿತು. ಭಾಷಾನಷ್ಟವನ್ನು ಒಬ್ಬ ವ್ಯಕ್ತಿಯ ತಲೆಯೊಳಗಿನ ಸಂಗತಿಯೆಂದು ಮಾತ್ರ ನೋಡಿದರೆ ಈ ಫಲಿತಾಂಶ ಅರ್ಥವಾಗದು. ಸಂಭಾಷಣೆ ಇಬ್ಬರ ನಡುವಿನದು ಎಂದು ನೋಡಿದರೆ ಅರ್ಥವಾಗುತ್ತದೆ.

ಎರಡು ಭಾಷೆಗಳಲ್ಲಿ ಉಳಿಯುವುದು ಯಾವುದು

ಇಲ್ಲಿಯವರೆಗಿನ ವಿವರಣೆಯಲ್ಲಿ ಜೊತೆಗಾರನೂ ಸದಸ್ಯನೂ ಒಂದೇ ಭಾಷೆಯವರೆಂಬ ಊಹೆಯಿದೆ. ದ್ವಿಭಾಷಿಕರ ವಿಷಯದಲ್ಲಿ ಪ್ರಶ್ನೆ ಬೇರೆಯಾಗುತ್ತದೆ: ಯಾವ ಭಾಷೆಯಲ್ಲಿ ಇಳಿಜಾರು ಕಟ್ಟಬೇಕು?

ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್ ಎರಡು ಉತ್ತರಗಳನ್ನು ನೀಡಿತು. ತಿಯೊಡ್ಯೂಲ್ ರಿಬೋ ಅವರ ಸ್ಮೃತಿಸಿದ್ಧಾಂತದ ಪ್ರಕಾರ ಮೊದಲು ಕಲಿತದ್ದು ಕೊನೆಗೆ ಅಳಿಯುತ್ತದೆ. ಆದ್ದರಿಂದ ತಾಯ್ನುಡಿ ಉಳಿಯಬೇಕು. 1895ರಲ್ಲಿ ಆಲ್ಬರ್ಟ್ ಪಿತ್ರ್ ತಮ್ಮ ರೋಗಿಗಳನ್ನು ಪರಿಶೀಲಿಸಿ, ಗಾಯಕ್ಕೆ ಮೊದಲು ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದರು. ಎರಡಕ್ಕೂ ನಿದರ್ಶನಗಳಿವೆ, ಎರಡಕ್ಕೂ ಅಪವಾದಗಳಿವೆ. ಕೆನಡಾದ ಮಿಶೆಲ್ ಪಾರಾದಿ ಅವರು ನೂರಾರು ಪ್ರಕರಣಗಳನ್ನು ಸಂಗ್ರಹಿಸಿ ತೋರಿಸಿದಂತೆ, ಎರಡೂ ಭಾಷೆಗಳು ಒಟ್ಟಿಗೆ ಮರಳಬಹುದು, ಒಂದು ಹೆಚ್ಚು ಇನ್ನೊಂದು ಕಡಿಮೆ ಮರಳಬಹುದು, ಒಂದು ಮರಳಿದ ನಂತರ ಮಾತ್ರ ಇನ್ನೊಂದು ಕಾಣಿಸಿಕೊಳ್ಳಬಹುದು, ಎರಡೂ ತಡೆಯಿಲ್ಲದೆ ಕಲಸಿಹೋಗಬಹುದು.

ಪಾರಾದಿ ಮತ್ತು ಸಹೋದ್ಯೋಗಿಗಳು 1982ರಲ್ಲಿ ವರದಿ ಮಾಡಿದ ಒಂದು ಪ್ರಕರಣ ವಿಶೇಷವಾದುದು. ಮೊರಾಕ್ಕೊದ ರಬಾತ್‌ನಲ್ಲಿ ಸೇವೆ ಸಲ್ಲಿಸುತ್ತಿದ್ದ ಫ್ರೆಂಚ್ ಕ್ರೈಸ್ತ ಸನ್ಯಾಸಿನಿಯೊಬ್ಬರು ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದರು. ಒಂದು ದಿನ ಅವರಿಗೆ ಅರೇಬಿಕ್ ಸರಾಗವಾಗಿ ಬರುತ್ತಿತ್ತು, ಫ್ರೆಂಚ್ ಬರುತ್ತಿರಲಿಲ್ಲ. ಮತ್ತೊಂದು ದಿನ ಅದರ ವಿಪರ್ಯಯ. ತಾವಾಗಿ ಆಡಲಾಗದ ಭಾಷೆಗೆ ಅನುವಾದಿಸುವುದು ಮಾತ್ರ ಅದೇ ದಿನ ಅವರಿಗೆ ಸಾಧ್ಯವಾಗುತ್ತಿತ್ತು. ಇಂದು ಕಾಣದ ಭಾಷೆ ನಾಶವಾಗಿಲ್ಲ, ತಲುಪಲಾಗದಂತೆ ತಡೆಯಲ್ಪಟ್ಟಿರಬಹುದು ಎಂಬ ತಿಳಿವಳಿಕೆಗೆ ಈ ಪ್ರಕರಣ ಬಲ ನೀಡಿತು. ದ್ವಿಭಾಷಿಕನೆಂದರೆ ಒಂದೇ ದೇಹದಲ್ಲಿರುವ ಇಬ್ಬರು ಏಕಭಾಷಿಕರಲ್ಲ ಎಂದು ಫ್ರಾನ್ಸ್ವಾ ಗ್ರೋಜಾನ್ 1989ರಲ್ಲಿ ಮಂಡಿಸಿದ ಮಾತು ಇಲ್ಲಿಯೂ ಸಲ್ಲುತ್ತದೆ.

ಪ್ರಾಯೋಗಿಕ ಫಲಿತಾರ್ಥ ಸ್ಪಷ್ಟ. ಯಾವ ಭಾಷೆ ಉಳಿದಿದೆ ಎಂಬುದನ್ನು ಮುಂಚಿತವಾಗಿ ಊಹಿಸಲಾಗದು. ವ್ಯಕ್ತಿಯ ಎಲ್ಲ ಭಾಷೆಗಳಲ್ಲಿಯೂ, ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷಿಸಬೇಕು. ಪಾರಾದಿ ರೂಪಿಸಿದ ದ್ವಿಭಾಷಿಕ ಅಫೇಸಿಯಾ ಪರೀಕ್ಷೆ ಈ ಉದ್ದೇಶದ್ದು. ಅದರ ಮೊದಲ ಭಾಗ ವ್ಯಕ್ತಿಯ ಭಾಷಾಚರಿತ್ರೆಯನ್ನು ದಾಖಲಿಸುತ್ತದೆ, ಎರಡನೆಯದು ಪ್ರತಿ ಭಾಷೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ, ಮೂರನೆಯದು ಒಂದರಿಂದ ಇನ್ನೊಂದಕ್ಕೆ ಅನುವಾದಿಸುವ ಶಕ್ತಿಯನ್ನು ನೋಡುತ್ತದೆ. ಇದಕ್ಕೆ ಕನ್ನಡ ಆವೃತ್ತಿಯೂ ಉಂಟು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಯ ಕನ್ನಡ ರೂಪಾಂತರದ ಕೆಲಸ ನಡೆದಿದೆ. ಕನ್ನಡ–ಇಂಗ್ಲಿಷ್ ದ್ವಿಭಾಷಿಕರೊಬ್ಬರ ಓದಿನ ನಷ್ಟವನ್ನು ಕುರಿತ ಪ್ರತಿಭಾ ಕಾರಂತರ ಅಧ್ಯಯನ 1981ರಷ್ಟು ಹಿಂದೆಯೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅಂದರೆ ಕನ್ನಡಕ್ಕೆ ಈ ಕ್ಷೇತ್ರದಲ್ಲಿ ಅಡಿಪಾಯವಿದೆ.

ದ್ವಿಭಾಷಿಕತೆ ಒಂದು ಹೊರೆ, ಗಾಯದ ನಂತರ ಒಂದು ಭಾಷೆಯನ್ನು ಬಿಟ್ಟು ಇನ್ನೊಂದನ್ನೇ ಬಳಸಿ ಎಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. ಸುವರ್ಣ ಅಲ್ಲಾಡಿ ಮತ್ತು ಸಹಸಂಶೋಧಕರು ಹೈದರಾಬಾದಿನಲ್ಲಿ ಪಾರ್ಶ್ವವಾಯುವಿಗೆ ಒಳಗಾದ 608 ಮಂದಿಯನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೊಂದು ಚಿತ್ರವನ್ನು ನೀಡುತ್ತದೆ. ಆಘಾತದ ನಂತರ ಸಹಜ ಗ್ರಹಣಶಕ್ತಿಯನ್ನು ಉಳಿಸಿಕೊಂಡವರ ಪ್ರಮಾಣ ದ್ವಿಭಾಷಿಕರಲ್ಲಿ ಶೇ 40.5, ಏಕಭಾಷಿಕರಲ್ಲಿ ಶೇ 19.6. ಆದರೆ ಅಫೇಸಿಯಾ ಉಂಟಾಗುವ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಇನ್ನೊಂದು ಭಾಷೆ ಮನಸ್ಸಿಗೆ ನೆರವಾಗಬಹುದು. ಮಾತು ಕಳೆದಾಗ ಬೇಕಾದ ಜೊತೆಗಾರನ ಅಗತ್ಯವನ್ನು ಅದು ತಪ್ಪಿಸದು.

ಗಡಿಯಲ್ಲಿ ಪರೀಕ್ಷೆ

ಕಾಸರಗೋಡಿನ ವ್ಯಕ್ತಿಯೊಬ್ಬರ ಮನೆಮಾತು ಹವ್ಯಕ ಕನ್ನಡವೋ ತುಳುವೋ ಆಗಿದ್ದು, ಶಾಲೆಯ ಓದು ಕನ್ನಡದಲ್ಲಿ, ಕಚೇರಿಯ ವ್ಯವಹಾರ ಮಲಯಾಳದಲ್ಲಿ ನಡೆದಿರಬಹುದು. ಅಕ್ಕಲಕೋಟೆಯವರು ಕನ್ನಡದಲ್ಲಿ ಮಾತನಾಡಿ ಮರಾಠಿಯಲ್ಲಿ ಮಾತ್ರ ಓದು ಬರಹ ಬಲ್ಲವರಾಗಿರಬಹುದು. ಹೊಸೂರು, ತಾಳವಾಡಿ, ಆದೋನಿಗಳಲ್ಲಿ ತಮಿಳು ತೆಲುಗುಗಳ ವಿಷಯದಲ್ಲಿಯೂ ಹೀಗೆಯೇ. ಇಂಥವರಿಗೆ ‘ನಿಮ್ಮ ಭಾಷೆ ಯಾವುದು’ ಎಂಬ ಆಸ್ಪತ್ರೆಯ ಒಂದು ಸಾಲಿನ ಪ್ರಶ್ನೆ ಏನನ್ನೂ ತಿಳಿಸುವುದಿಲ್ಲ. ಮಾತಿನ ಭಾಷೆ, ಓದಿನ ಭಾಷೆ, ಲೆಕ್ಕದ ಭಾಷೆ, ಪ್ರಾರ್ಥನೆಯ ಭಾಷೆ ಬೇರೆ ಬೇರೆಯಾಗಿರಬಹುದು, ಗಾಯ ಒಂದೊಂದನ್ನೂ ಬೇರೆ ಬೇರೆಯಾಗಿ ತಟ್ಟಿರಬಹುದು.

ರಾಜ್ಯಭಾಷೆಯಲ್ಲಿ ಮಾತ್ರ ಪರೀಕ್ಷೆ ನಡೆದರೆ ಎರಡು ದಿಕ್ಕಿನಲ್ಲಿ ತಪ್ಪಾಗಬಹುದು. ಆ ಭಾಷೆ ಹೆಚ್ಚು ಕೆಟ್ಟಿದ್ದು ಕನ್ನಡ ಉಳಿದಿದ್ದರೆ, ಉಳಿದ ಶಕ್ತಿಯನ್ನು ಯಾರೂ ಗುರುತಿಸದೆ ವ್ಯಕ್ತಿಯನ್ನು ಬುದ್ಧಿಭ್ರಮಣೆಯವರೆಂದು ಬಗೆಯಬಹುದು. ಅದರ ವಿಪರ್ಯಯವಾಗಿ, ಕಚೇರಿಯ ರೂಢಿಮಾತುಗಳು ಮಲಯಾಳದಲ್ಲಿಯೋ ಮರಾಠಿಯಲ್ಲಿಯೋ ಸರಾಗವಾಗಿ ಬಂದರೆ ಪರೀಕ್ಷಕರು ತೃಪ್ತರಾಗುತ್ತಾರೆ. ಮನೆಯಲ್ಲಿ ತಾಯಿಯೊಡನೆ ಒಂದು ಮಾತೂ ಆಡಲಾಗದಿರುವುದು ದಾಖಲೆಗೆ ಬರುವುದಿಲ್ಲ.

ಕನ್ನಡದ ಪರೀಕ್ಷೆಯೇ ಇದ್ದರೂ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ಚಿತ್ರ ತೋರಿಸಿ ಹೆಸರು ಕೇಳುವುದು ಇಂಥ ಪರೀಕ್ಷೆಗಳ ಸಾಮಾನ್ಯ ಭಾಗ. ಈರುಳ್ಳಿಯ ಚಿತ್ರ ನೋಡಿ ಕರಾವಳಿಯವರು ‘ನೀರುಳ್ಳಿ’ ಎಂದರೆ, ಉತ್ತರದವರು ‘ಉಳ್ಳಾಗಡ್ಡಿ’ ಎಂದರೆ, ಉಪಭಾಷೆ ತಿಳಿಯದ ಪರೀಕ್ಷಕನಿಗೆ ಅದು ಪದದೋಷವಾಗಿ ಕಾಣಬಹುದು. ವಾಕ್ಯದ ನಡುವೆ ಮರಾಠಿ ಪದವೊಂದು ಬಂದರೆ ಅದು ಗಾಯದ ಕಲಸುವಿಕೆಯೇ ಅಥವಾ ಆ ಊರಿನ ಸಹಜ ಕನ್ನಡವೇ ಎಂದು ಹೇಳಬಲ್ಲವರು ಆ ಊರಿನ ಮಾತನ್ನು ಬಲ್ಲವರೇ.

ಕಾನೂನಿನ ಸ್ಥಿತಿ ಮಿಶ್ರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸುವ 21 ಅಂಗವೈಕಲ್ಯಗಳಲ್ಲಿ ಮಿದುಳಿನ ಗಾಯ ಪ್ರತ್ಯೇಕ ಶೀರ್ಷಿಕೆಯಾಗಿಲ್ಲ. ಅದರ ಪರಿಣಾಮಗಳು ಚಲನೆ, ಮಾನಸಿಕ ಅಸ್ವಸ್ಥತೆ ಮೊದಲಾದ ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಹೋಗುತ್ತವೆ. ಆದರೆ ‘ವಾಕ್ ಮತ್ತು ಭಾಷಾ ವೈಕಲ್ಯ’ದ ವ್ಯಾಖ್ಯೆಯಲ್ಲಿ ಅಫೇಸಿಯಾದ ಹೆಸರು ಸ್ಪಷ್ಟವಾಗಿದೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ 40ರ ವೈಕಲ್ಯ ಪ್ರಮಾಣೀಕೃತವಾಗಬೇಕು. ಭಾಷೆಯನ್ನು ಪರೀಕ್ಷಿಸದೆ ಭಾಷಾ ವೈಕಲ್ಯವನ್ನು ಶೇಕಡಾವಾರಿನಲ್ಲಿ ಹೇಳಲಾಗದು. ಆದ್ದರಿಂದ ಯಾವ ಭಾಷೆಯಲ್ಲಿ ಪರೀಕ್ಷೆ ಎಂಬುದು ಹಕ್ಕಿನ ಪ್ರಶ್ನೆಯೇ ಆಗುತ್ತದೆ. ಇತ್ತ ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಅವಕಾಶ ನೀಡುತ್ತದೆ. 350ಎ ಪ್ರಾಥಮಿಕ ಶಿಕ್ಷಣವನ್ನು ಕುರಿತದ್ದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನೀಡುತ್ತದೆ. ಇವು ಅರ್ಜಿಯನ್ನೂ ಪಾಠವನ್ನೂ ಕಾಪಾಡುತ್ತವೆ. ಅರ್ಜಿ ಬರೆಯುವ ಶಕ್ತಿಯನ್ನೇ ಕಳೆದುಕೊಂಡವನ ಮಾತು ಅವುಗಳ ದೃಷ್ಟಿಗೆ ಬಿದ್ದಿಲ್ಲ. ಆದರೂ 2016ರ ಕಾಯ್ದೆ ‘ಅಡೆತಡೆ’ಯ ವ್ಯಾಖ್ಯೆಯಲ್ಲಿ ಸಂವಹನದ ಅಡೆತಡೆಯನ್ನು ಸೇರಿಸಿದೆ, ‘ಸೂಕ್ತ ಹೊಂದಾಣಿಕೆ’ಯನ್ನು ಕಡ್ಡಾಯದ ಕಲ್ಪನೆಯಾಗಿಸಿದೆ. ಸ್ವಭಾಷೆಯ ಜೊತೆಗಾರನನ್ನು ಅಂಥ ಹೊಂದಾಣಿಕೆಯೆಂದು ವಾದಿಸಲು ಅಲ್ಲಿ ಎಡೆಯಿದೆ.

ಇದಕ್ಕೆ ಗಡಿಯ ಭೌಗೋಳಿಕ ತೊಡಕೂ ಸೇರುತ್ತದೆ. ಕಾಸರಗೋಡಿನ ಉತ್ತರ ಭಾಗದ ಜನರಿಗೆ ತುರ್ತು ನರಚಿಕಿತ್ಸೆಯೆಂದರೆ ಬಹುಮಟ್ಟಿಗೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಸೋಂಕಿನ ಭಯದಿಂದ ತಲಪಾಡಿಯ ಗಡಿ ಮುಚ್ಚಿದಾಗ ಈ ಅವಲಂಬನೆ ದೇಶಕ್ಕೆಲ್ಲ ತಿಳಿಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ನೀಡಿತು, ವಿಷಯ ಸುಪ್ರೀಂ ಕೋರ್ಟನ್ನೂ ತಲುಪಿತು. ಗಡಿ ತೆರೆದಿರುವ ಸಾಮಾನ್ಯ ದಿನಗಳಲ್ಲಿಯೂ ಚಿಕಿತ್ಸೆ ಒಂದು ರಾಜ್ಯದಲ್ಲಿ, ವೈಕಲ್ಯದ ಪ್ರಮಾಣಪತ್ರ ಮತ್ತು ಪಿಂಚಣಿ ಇನ್ನೊಂದರಲ್ಲಿ. ಕನ್ನಡದ ವಾಕ್‌ಚಿಕಿತ್ಸೆ ಆರಂಭವಾದರೂ ಮನೆಗೆ ಮರಳಿದೊಡನೆ ಅದರ ಎಳೆ ತುಂಡಾಗುತ್ತದೆ.

ಕನ್ನಡದ ಇಳಿಜಾರು ಹೇಗಿರಬೇಕು

ಟೊರಾಂಟೊದ ಪದ್ಧತಿಯನ್ನು ಹಾಗೆಯೇ ಅನುವಾದಿಸಿದರೆ ಸಾಲದು ಎಂಬುದಕ್ಕೆ ಕನ್ನಡವೇ ಕಾರಣಗಳನ್ನು ಒದಗಿಸುತ್ತದೆ. ಆ ಪದ್ಧತಿ ಹೌದು–ಅಲ್ಲ ಎಂಬ ಎರಡು ಉತ್ತರಗಳನ್ನು ಬಹುವಾಗಿ ನೆಚ್ಚುತ್ತದೆ. ಇಂಗ್ಲಿಷಿನ ಒಂದು ನಿಷೇಧಪದದ ಜಾಗದಲ್ಲಿ ಕನ್ನಡಕ್ಕೆ ‘ಅಲ್ಲ’, ‘ಇಲ್ಲ’, ‘ಬೇಡ’ ಎಂಬ ಮೂರು ಇವೆ, ಅವಕ್ಕೆ ಎದುರಾಗಿ ‘ಹೌದು’, ‘ಇದೆ’, ‘ಬೇಕು’, ಕರಾವಳಿಯಲ್ಲಿ ‘ಉಂಟು’. ‘ಊಟ ಆಯಿತೇ’ ಎಂಬ ಪ್ರಶ್ನೆಗೆ ಕನ್ನಡಿಗ ಸಹಜವಾಗಿ ‘ಆಯಿತು’ ಎಂದು ಕ್ರಿಯಾಪದವನ್ನೇ ಮರಳಿ ನುಡಿಯುತ್ತಾನೆ, ‘ಹೌದು’ ಎನ್ನುವುದು ಕಡಿಮೆ. ಕ್ರಿಯಾಪದ ಒದಗದ ವ್ಯಕ್ತಿಯ ಮುಂದೆ ಎರಡೇ ಪದಗಳ ಫಲಕವನ್ನಿಟ್ಟರೆ ಅವನ ಗೊಂದಲ ಹೆಚ್ಚಬಹುದು. ಮೂರು ಜೋಡಿಗಳ ಫಲಕ ಬೇಕು; ಪ್ರಶ್ನೆಯನ್ನು ಕೇಳುವವರು ಯಾವ ಜೋಡಿಗೆ ತಕ್ಕಂತೆ ಕೇಳುತ್ತಿದ್ದೇವೆ ಎಂಬುದನ್ನು ಅರಿತಿರಬೇಕು.

ಸಾಮರ್ಥ್ಯವನ್ನು ಒಪ್ಪಿಕೊಳ್ಳುವ ಮೊದಲ ಭಾಗ ಕನ್ನಡದಲ್ಲಿ ಸರ್ವನಾಮದಿಂದಲೇ ಆರಂಭವಾಗುತ್ತದೆ. ನಿನ್ನೆಯವರೆಗೆ ‘ನೀವು’ ಆಗಿದ್ದ ಶಿಕ್ಷಕರೋ ವ್ಯಾಪಾರಿಯೋ ಮಾತು ನಿಂತ ದಿನದಿಂದ ಸಂದರ್ಶಕರಿಗೆ ‘ನೀನು’ ಆಗಿಬಿಡುವುದು, ಅವರ ಎದುರಿನಲ್ಲಿಯೇ ಅವರ ಕುರಿತು ಪ್ರಥಮಪುರುಷದಲ್ಲಿ ಮನೆಯವರನ್ನು ವಿಚಾರಿಸುವುದು ಯಾರ ದುರುದ್ದೇಶವೂ ಇಲ್ಲದೆ ನಡೆಯುತ್ತದೆ. ವಯಸ್ಕತನ ಕಳೆದುಹೋಯಿತೆಂಬ ಸೂಚನೆ ಆ ಒಂದು ಪ್ರತ್ಯಯದಲ್ಲಿ ತಲುಪುತ್ತದೆ. ತರಬೇತಿಯ ಮೊದಲ ಪಾಠ ಇದೇ ಆಗಬೇಕು.

ಇನ್ನು ಬರೆದು ತೋರಿಸುವ ಮುಖ್ಯಪದ. ಮಾತು ಕನ್ನಡದ್ದಾದರೂ ಓದಿದ ಲಿಪಿ ದೇವನಾಗರಿಯೋ ಮಲಯಾಳವೋ ತಮಿಳೋ ಆಗಿದ್ದರೆ ಕನ್ನಡ ಪದವನ್ನು ಆ ಲಿಪಿಯಲ್ಲಿ ಬರೆಯಬೇಕಾಗಬಹುದು. ಭಾಷಾಭಿಮಾನಕ್ಕೆ ಇದು ಇರಿಸುಮುರಿಸು ತರಬಹುದು; ಇಳಿಜಾರಿನ ತರ್ಕಕ್ಕೆ ಮಾತ್ರ ಇದು ಸರಿ. ಎರಡು ಭಾಷೆಗಳನ್ನು ಬೆರೆಸಿ ಆಡುವ ಉತ್ತರವನ್ನೂ ಜೊತೆಗಾರ ತಿದ್ದದೆ ಸ್ವೀಕರಿಸಬೇಕು. ಆದ್ದರಿಂದ ಗಡಿಯಲ್ಲಿ ಉತ್ತಮ ಜೊತೆಗಾರನೆಂದರೆ ಸ್ವತಃ ದ್ವಿಭಾಷಿಕನಾದವನು.

ಹತ್ತಿರದ ಮಾದರಿ

ಇಂಥ ಕೆಲಸವನ್ನು ಶೂನ್ಯದಿಂದ ಆರಂಭಿಸಬೇಕಾಗಿಲ್ಲ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಉಪಶಾಮಕ ಆರೈಕೆಯ ಸಂಘದಿಂದ ಮೊದಲಾದ ಪ್ರಯತ್ನ ಮುಂದೆ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. ಊರಿನವರೇ ತರಬೇತಿ ಪಡೆದು, ದಾದಿಯರೊಡನೆ ಮನೆಮನೆಗೆ ಹೋಗಿ, ಕ್ಯಾನ್ಸರ್ ಮಾತ್ರವಲ್ಲದೆ ಪಾರ್ಶ್ವವಾಯು ಮೊದಲಾದ ದೀರ್ಘಕಾಲದ ಸ್ಥಿತಿಗಳಲ್ಲಿ ಮಲಗಿದವರನ್ನೂ ನೋಡಿಕೊಳ್ಳುವ ವ್ಯವಸ್ಥೆ ಅದು. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿ ಅದನ್ನು ಸ್ಥಳೀಯ ಪಂಚಾಯಿತಿಗಳೊಡನೆ ಜೋಡಿಸಿತು. ಕಾಸರಗೋಡು ಮತ್ತು ವಯನಾಡಿನ ಕನ್ನಡಿಗರು ವಾಸಿಸುವುದು ಇದೇ ವ್ಯವಸ್ಥೆಯ ಒಳಗೆ. ಮನೆಗೆ ಹೋಗುವ ಸ್ವಯಂಸೇವಕ ಈಗಾಗಲೇ ಇದ್ದಲ್ಲಿ, ಅವನಿಗೆ ಮಾತಿನ ಜೊತೆಗಾರಿಕೆಯ ಕೆಲವು ಪಾಠಗಳನ್ನು ಅವನೂರಿನ ಕನ್ನಡದಲ್ಲಿ ಕಲಿಸುವುದು ಹೊಸ ಸಂಸ್ಥೆಯನ್ನು ಕಟ್ಟುವುದಕ್ಕಿಂತ ಸುಲಭ.

ನಮ್ಮಂಥ ಅಧ್ಯಯನ ಕೇಂದ್ರಗಳಿಗೂ ದ್ವಿಭಾಷಿಕ ವಿದ್ವಾಂಸರಿಗೂ ಇದರಲ್ಲಿ ನಿರ್ದಿಷ್ಟ ಪಾಲಿದೆ. ಒಂದೊಂದು ಗಡಿಪ್ರದೇಶದ ದಿನಬಳಕೆಯ ನಾಮಪದಗಳ ಚಿತ್ರಸಹಿತ ಪಟ್ಟಿ, ಎಲ್ಲ ಸ್ಥಳೀಯ ಪರ್ಯಾಯಗಳೊಡನೆ. ಆಯಾ ಊರಿನ ಸಹಜ ಭಾಷಾಮಿಶ್ರಣದ ಧ್ವನಿಮುದ್ರಿತ ಮಾದರಿಗಳು. ಆಸ್ಪತ್ರೆಯ ಒಂದು ಸಾಲಿನ ಪ್ರಶ್ನೆಯ ಬದಲಿಗೆ ಬಳಸಬಹುದಾದ ಒಂದು ಪುಟದ ಭಾಷಾಚರಿತ್ರೆಯ ನಮೂನೆ. ಹಲವು ಲಿಪಿಗಳಲ್ಲಿ ಮೂರು ಜೋಡಿಗಳ ಉತ್ತರಫಲಕ. ಇವುಗಳಲ್ಲಿ ಯಾವುದಕ್ಕೂ ವೈದ್ಯಕೀಯ ಪದವಿ ಬೇಕಾಗಿಲ್ಲ. ಉಪಭಾಷಾ ಅಧ್ಯಯನಕ್ಕಾಗಿ ನಾವು ಈಗಾಗಲೇ ಸಂಗ್ರಹಿಸಿರುವ ಸಾಮಗ್ರಿಯೇ ಬಹಳಷ್ಟಿದೆ. ಅದನ್ನು ವಾಕ್‌ಚಿಕಿತ್ಸಕರ ಕೈಗೆ ತಲುಪುವ ರೂಪಕ್ಕೆ ತರುವುದು ಉಳಿದ ಕೆಲಸ. ಜೊತೆಗಾರರಾಗಬಲ್ಲವರನ್ನೂ ದೂರ ಹುಡುಕಬೇಕಾಗಿಲ್ಲ. ಗಡಿಯ ಕನ್ನಡ ಶಾಲೆಗಳಿಂದ ನಿವೃತ್ತರಾದ ಶಿಕ್ಷಕರಲ್ಲಿ ಎರಡೂ ಭಾಷೆಗಳನ್ನು ಬಲ್ಲವರು, ಎರಡೂ ಲಿಪಿಗಳನ್ನು ಬರೆಯಬಲ್ಲವರು, ಉತ್ತರ ಬರುವವರೆಗೆ ಕಾಯುವುದನ್ನು ವೃತ್ತಿಯಿಂದಲೇ ಕಲಿತವರು ಅನೇಕರಿದ್ದಾರೆ. ಪ್ರತಿ ತಾಲೂಕಿನಲ್ಲಿ ಅಂಥ ಐದಾರು ಮಂದಿ ತರಬೇತಿ ಪಡೆದು ವಾರಕ್ಕೊಮ್ಮೆ ಒಂದು ಮನೆಯ ಬಾಗಿಲಿಗೆ ಹೋದರೆ ಕೆಲಸ ಆರಂಭವಾದಂತೆ.